ಬಲೆಯ ಕಣ್ಣು, ಪಾಪದ ಲೆಕ್ಕ

ಸೋಮದೇವ ಸೂರಿ ಕ್ರಿ.ಶ. 959ರಲ್ಲಿ ಮುಗಿಸಿದ ‘ಯಶಸ್ತಿಲಕ ಚಂಪು’ವಿನಲ್ಲಿ ಬೆಸ್ತನಿಗೂ ರೈತನಿಗೂ ಸೇರಿಸಿ ಒಂದು ತೀರ್ಪು ಕೊಟ್ಟಿದ್ದಾನೆ. ಅದರ ಸಾರ ಇಷ್ಟು: ಮೀನಿಗಾಗಿ ಕಾದು ಕೂತ ಬೆಸ್ತನಿಗೆ ಅಂದು ಒಂದೂ ಸಿಗದೆ ಹೋಗಬಹುದು, ಆದರೂ ಅವನು ಪಾಪಿ. ಹೊಲ ಉಳುವವನ ನೇಗಿಲಿಗೆ ಸಿಕ್ಕಿ ಎಷ್ಟೋ ಹುಳು ಸಾಯಬಹುದು, ಆದರೂ ಅವನು ಪಾಪಿಯಲ್ಲ. ಬೆಸ್ತನ ಮನಸ್ಸು ಕೊಲ್ಲುವುದರಲ್ಲಿದೆ, ರೈತನ ಮನಸ್ಸು ಬೆಳೆಯಲ್ಲಿದೆ. ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ಮನೆತನದ ಆಳ್ವಿಕೆಯಲ್ಲೇ ಬರೆದ ಗ್ರಂಥ ಅದು. ಭಾಷೆ ಸಂಸ್ಕೃತ, ಆದರೆ ನಮ್ಮ ನಾಡಿನ ಜೈನರು ತಲೆಮಾರುಗಳಿಂದ ಓದಿಕೊಂಡು ಬಂದದ್ದು.

ಆ ಎರಡೂ ಕಸುಬುಗಳನ್ನು ನಾನು ಒಳಗಿನಿಂದ ಕಂಡಿದ್ದೇನೆ. ಹುಟ್ಟಿದ್ದು ಉಮ್ಮತ್ತೂರಿನ ಬೇಸಾಯದ ಮನೆಯಲ್ಲಿ. ಚರಿತ್ರೆಯ ಪಾಠದಲ್ಲಿ ಕೃಷ್ಣದೇವರಾಯನಿಗೆ ಎದುರು ನಿಂತ ಪಾಳೆಯಗಾರರ ಊರು ಎಂದು ಎರಡು ಸಾಲು ಬರುತ್ತದಲ್ಲ, ಅದೇ ಊರು. ಸಮುದ್ರಕ್ಕೂ ನಮಗೂ ನಡುವೆ ಒಂದು ಘಟ್ಟಸಾಲೇ ಇದೆ. ಹೀಗಿರುವಾಗ ನಾನು ಹೋಗಿ ಸೇರಿದ್ದು ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ. 1969ರಲ್ಲಿ ಶುರುವಾದ, ದೇಶದಲ್ಲೇ ಮೊದಲನೆಯದೆನ್ನುವ ಕಾಲೇಜು. ಅಜ್ಜಿಗೆ ಅದು ನಗುವ ವಿಷಯ: “ಯಾನ ಕೂಸು, ಮೀನ್ ಹಿಡಿಯಕೂ ಕಾಲೇಜದಾ?” ಅಲ್ಲಿ ಸೂಜಿ ಹಿಡಿದು ಬಲೆ ಹೆಣೆಯುವುದರಿಂದ ಹಿಡಿದು ನೀರಿನೊಳಗೆ ಬಲೆ ಹೇಗೆ ಬಾಯಿ ತೆರೆಯುತ್ತದೆ ಎನ್ನುವ ಲೆಕ್ಕದವರೆಗೆ ಕಲಿತೆ. ನೌಕರಿಯ ಬಹುಪಾಲು ಕಳೆದದ್ದೂ ಕರಾವಳಿಯ ಬಂದರುಗಳಲ್ಲಿ, ಟ್ರಾಲ್ ಬಲೆಗಳ ನಡುವೆ. ಈಗ ಮತ್ತೆ ಊರಿನಲ್ಲಿ ಜೋಳ, ಹುರುಳಿ, ಸ್ವಲ್ಪ ಅರಿಶಿನ.

ಸೋಮದೇವನ ತೀರ್ಪಿನಲ್ಲಿ ರೈತನ ಪಾಲು ಬಲು ಸಲೀಸಾಗಿ ಚುಕ್ತಾ ಆಗಿದೆ. ನಮ್ಮ ಸಂತೇಮರಹಳ್ಳಿಯ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಸಾಕದ ಮನೆ ಒಂದು ಕಾಲಕ್ಕೆ ಕಡಿಮೆ. ಗೂಡು ಕಟ್ಟಿದ ಹುಳು ಕುದಿನೀರಿಗೆ ಬೀಳುತ್ತದೆಂದು ಗೊತ್ತಿದ್ದೇ ಸಾಕುತ್ತೇವೆ. ನಮ್ಮ ಮನಸ್ಸು ನೂಲಿನಲ್ಲಿತ್ತು ಎಂದರೆ ಹುಳುವಿಗೆ ಅದರಿಂದ ಆಗುವುದೇನಿಲ್ಲ. ಅದಿರಲಿ. ನನ್ನ ತಕರಾರು ಬೆಸ್ತನ ಪಾಲಿನದು. ಸೋಮದೇವ ಕಂಡ ಬೆಸ್ತನ ಬಳಿ ಇದ್ದದ್ದು ಗಾಳವೋ ಕೈಬಲೆಯೋ. ಅವನಿಗೆ ಬೇಕಾದದ್ದು ಮೀನು, ಸಿಗುತ್ತಿದ್ದದ್ದೂ ಮೀನು. ಇಂದಿನ ಟ್ರಾಲ್ ದೋಣಿ ನಡೆಸುವ ತಾಂಡೇಲನಿಗೆ ಬೇಕಾದದ್ದು ಸಿಗಡಿ, ಬೊಂಡಾಸ್, ದೊಡ್ಡ ಮದಿಮಾಳ್, ಪಾಂಬೋಲ್. ಮೇಲೆ ಬರುವುದೋ ಸಮುದ್ರದ ತಳದಲ್ಲಿ ಆ ಹೊತ್ತಿಗೆ ಏನಿತ್ತೋ ಅದೆಲ್ಲ: ಬೆರಳುದ್ದದ ಮರಿಗಳು, ಏಡಿ, ಶಂಖ, ನಕ್ಷತ್ರಮೀನು, ಹಾವು, ಲೋಳೆಮೀನು, ಒಮ್ಮೊಮ್ಮೆ ಕಡಲಾಮೆ. ಇವನ್ನು ಹಿಡಿಯಬೇಕೆಂಬ ಸಂಕಲ್ಪ ಅವನಿಗಿರಲಿಲ್ಲ. ಸೋಮದೇವನ ಲೆಕ್ಕವನ್ನೇ ಹಿಡಿದು ಹೋದರೆ, ಬೇಕೆಂದು ಹಿಡಿದ ಒಂದು ಬುಟ್ಟಿ ಸಿಗಡಿಗೆ ತಾಂಡೇಲ ಪಾಪಿ. ಬೇಡದೆ ಸತ್ತ ಹತ್ತು ಬುಟ್ಟಿ ಜೀವಗಳ ವಿಷಯದಲ್ಲಿ ಅವನು ನಮ್ಮ ನೇಗಿಲ ರೈತನಷ್ಟೇ ನಿರ್ದೋಷಿ. ಸಂಕಲ್ಪವೊಂದನ್ನೇ ತಕ್ಕಡಿ ಮಾಡಿಕೊಂಡರೆ ಬರುವ ಉತ್ತರ ಇದು. ನನಗೆ ಒಪ್ಪಿಗೆಯಾಗುವುದಿಲ್ಲ.

ಒಪ್ಪಿಗೆಯಾಗದಿರಲು ಕಾರಣ ಬಲೆಯಲ್ಲೇ ಇದೆ. ಟ್ರಾಲ್ ಬಲೆ ಒಂದು ಉದ್ದನೆಯ ಕೊಳವೆ. ಬಾಯಿ ಅಗಲ, ಹಿಂದಕ್ಕೆ ಹೋದಂತೆ ಕಿರಿದು, ಕೊನೆಗೊಂದು ಚೀಲ. ಬಾಯಿಯ ಎರಡು ಪಕ್ಕಕ್ಕೆ ಕಟ್ಟಿದ ಭಾರದ ಹಲಗೆಗಳು, ದೋಣಿ ಎಳೆದಂತೆ ನೀರಿನ ಒತ್ತಡಕ್ಕೆ ಆಚೆಗೂ ಈಚೆಗೂ ಸರಿದು ಬಾಯಿಯನ್ನು ಅಗಲಿಸುತ್ತವೆ. ಮೇಲಿನ ಹಗ್ಗಕ್ಕೆ ತೇಲುಗುಂಡು, ಕೆಳಗಿನ ಹಗ್ಗಕ್ಕೆ ಸರಪಳಿ. ಹಲಗೆಗಳು ಎಬ್ಬಿಸುವ ಕೆಸರಿನ ಮೋಡಕ್ಕೆ ಬೆದರಿದ ಮೀನು ನಡುವಿಗೆ ಬರುತ್ತದೆ, ಬಲೆಯ ಬಾಯಿಯ ಮುಂದೆ ದೋಣಿಯ ವೇಗಕ್ಕೇ ಈಜುತ್ತದೆ, ದಣಿದಾಗ ಹಿಂದಕ್ಕೆ ಬಿದ್ದು ಚೀಲ ಸೇರುತ್ತದೆ. ಚಿಕ್ಕದಕ್ಕೆ ದಣಿವು ಬೇಗ. ಸಣ್ಣ ಮೀನು ತಪ್ಪಿಸಿಕೊಳ್ಳಬೇಕಾದದ್ದು ಈ ಕೊನೆಯ ಚೀಲದ ಕಣ್ಣುಗಳಿಂದ. ಅಲ್ಲಿಯೇ ಎಲ್ಲ ನಿರ್ಧಾರವಾಗುವುದು.

ನಮ್ಮ ಬಲೆಗಳಲ್ಲಿ ಕಣ್ಣು ವಜ್ರದ ಆಕಾರದ್ದು. ದಡದ ಮೇಲೆ ಹರಡಿ ಅಳೆದರೆ ಅಳತೆ ಸರಿಯಾಗಿಯೇ ಇರುತ್ತದೆ. ನೀರಿನಲ್ಲಿ ಎಳೆತ ಬಿದ್ದೊಡನೆ, ಅಂಗಡಿ ಬಾಗಿಲಿನ ಮಡಿಸುವ ಕಬ್ಬಿಣದ ಗೇಟು ಮುಚ್ಚಿಕೊಳ್ಳುವ ಹಾಗೆ, ಆ ಕಣ್ಣುಗಳೆಲ್ಲ ಉದ್ದಕ್ಕೆ ಎಳೆದುಕೊಂಡು ಮುಚ್ಚಿಹೋಗುತ್ತವೆ. ಚೀಲ ತುಂಬಿದಷ್ಟೂ ಎಳೆತ ಹೆಚ್ಚು, ಎಳೆತ ಹೆಚ್ಚಿದಷ್ಟೂ ಕಣ್ಣು ಕಿರಿದು. ತುಂಬಿದ ಭಾಗಕ್ಕೆ ತುಸು ಮುಂದಿನ ಕೆಲವೇ ಸಾಲುಗಳಲ್ಲಿ ಮಾತ್ರ ತೆರಪು ಉಳಿಯುತ್ತದೆ. ಅದೇ ನೂಲಿನ, ಅದೇ ಅಳತೆಯ ಜಾಲವನ್ನು ನಲವತ್ತೈದು ಡಿಗ್ರಿ ತಿರುಗಿಸಿ ಕತ್ತರಿಸಿ ಹೊಲಿದರೆ ಕಣ್ಣು ಚೌಕವಾಗುತ್ತದೆ. ಎಳೆತವೆಲ್ಲ ಉದ್ದದ ಎಳೆಗಳ ಮೇಲೆ ಬೀಳುತ್ತದೆ, ಅಡ್ಡದ ಎಳೆಗಳು ತೆರಪನ್ನು ಹಿಡಿದಿಡುತ್ತವೆ. ಬಂಗುಡೆ, ಮದಿಮಾಳ್ ಥರದ ದುಂಡು ಮೈಯ ಮರಿಗಳು ನುಸುಳಿ ಹೋಗುತ್ತವೆ. ಹೊಸ ಯಂತ್ರ ಬೇಡ, ಹೊಸ ನೂಲು ಬೇಡ. ಕತ್ತರಿ ಯಾವ ದಿಕ್ಕಿಗೆ ಓಡಿತು ಎನ್ನುವುದಷ್ಟೆ.

ಬಲೆಯವರ ಜ್ಞಾನ ಇಲ್ಲಿಗೇ ನಿಂತಿಲ್ಲ. ಒಳಗೆ ಸಿಕ್ಕ ಮೇಲೆ ಎಷ್ಟೋ ಜಾತಿಯ ಮೀನುಗಳು ಮೇಲಕ್ಕೆ ಏಳಲು ನೋಡುತ್ತವೆ. ಸಿಗಡಿಗೆ ಆ ಶಕ್ತಿಯಿಲ್ಲ, ಅದು ತಳದಲ್ಲೇ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಬಲೆಯ ಬೆನ್ನಿನ ಮೇಲೆ ಚೌಕ ಕಣ್ಣಿನ ಒಂದು ಕಿಟಕಿ ಇಟ್ಟರೆ ಮೀನಿಗೆ ದಾರಿಯಾಗುತ್ತದೆ, ಸಿಗಡಿ ಉಳಿಯುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮರಿಮೀನನ್ನು ಹೊರಬಿಟ್ಟು ಸಿಗಡಿಯನ್ನು ಬೇರೆ ಮಾಡುವ ಒಂದು ಸಾಧನವನ್ನೇ ರೂಪಿಸಿತು. 2005ರಲ್ಲಿ ವಿಶ್ವ ವನ್ಯಜೀವಿ ನಿಧಿಯ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನವೂ ಬಂತು. ನಮ್ಮ ರಾಜ್ಯದಲ್ಲಿ 1986ರಿಂದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ; ಚೀಲಕ್ಕೆ 35 ಮಿ.ಮೀ. ಚೌಕ ಕಣ್ಣು ಹಾಕಿ ಎಂದು ಸರ್ಕಾರ ಹೇಳುತ್ತಲೇ ಬಂದಿದೆ. ಬಂದರಿನಲ್ಲಿ ಒಣಹಾಕಿದ ಚೀಲಗಳನ್ನು ನೋಡಿದರೆ ಎಷ್ಟೋ ಕಡೆ ಅದರ ಅರ್ಧದಷ್ಟು ಕಣ್ಣೂ ಇರುವುದಿಲ್ಲ, ಅದೂ ವಜ್ರಾಕಾರದ್ದು.

ಬೇಡದ ಜೀವ ಸಾಯುವುದು ಈಗ ವಿಧಿಯಲ್ಲ. ಯಾವ ಕಣ್ಣಿಗೆ ಯಾವ ಗಾತ್ರದ ಮೀನು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದು ಬಲೆ ನೀರಿಗೆ ಬೀಳುವ ಮೊದಲೇ ಗೊತ್ತು. ಗೊತ್ತಿದ್ದೂ ಹಳೆಯ ಚೀಲವನ್ನೇ ಕಟ್ಟಿಕೊಂಡು ಹೋದವನು ‘ನನ್ನ ಮನಸ್ಸಿನಲ್ಲಿರಲಿಲ್ಲ’ ಎಂದರೆ ಆ ಮಾತಿಗೆ ಬೆಲೆಯೆಷ್ಟು?

ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ತಾಲ್ಲೂಕಿನಲ್ಲೇ. ಮಲೆಯೂರಿನ ಕನಕಗಿರಿ ಬೆಟ್ಟ ನಿಮಗೆ ಗೊತ್ತಿರಬಹುದು. ‘ರಾಜಾವಳಿ ಕಥೆ’ ಬರೆದ ದೇವಚಂದ್ರನ ಊರು ಅದು. ಅದಕ್ಕೂ ಬಹಳ ಹಿಂದೆ, ಗಂಗರ ಕಾಲದಲ್ಲಿ, ಪೂಜ್ಯಪಾದ ಆಚಾರ್ಯರು ತಪಸ್ಸು ಮಾಡಿದ ಜಾಗವೆಂದು ಜೈನರು ನಂಬುತ್ತಾರೆ. ಬೆಟ್ಟದ ಮೇಲೆ ಅವರ ಪಾದಗಳಿಗೆ ಪೂಜೆ ನಡೆಯುತ್ತದೆ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ಟೀಕೆ ಬರೆದವರು ಅವರು. ಹಿಂಸೆ ಎಂದರೇನು ಎಂದು ಆ ಸೂತ್ರ ಹೇಳುವಾಗ ಬರೀ ಜೀವ ತೆಗೆಯುವುದು ಎನ್ನುವುದಿಲ್ಲ. ಎಚ್ಚರ ತಪ್ಪಿದ ನಡೆಯಿಂದ ಜೀವ ಹೋಗುವುದು ಎನ್ನುತ್ತದೆ. ಪೂಜ್ಯಪಾದರು ಅದನ್ನು ಬಿಡಿಸಿ ಹೇಳುತ್ತಾರೆ. ನೆಲ ನೋಡಿಕೊಂಡು ಹೆಜ್ಜೆಯಿಡುವ ಮುನಿಯ ಪಾದದಡಿ ಸಣ್ಣ ಜೀವವೊಂದು ಬಂದು ಸತ್ತರೂ ಅವನಿಗೆ ದೋಷ ಅಂಟುವುದಿಲ್ಲ. ಎಚ್ಚರವಿಲ್ಲದೆ ನಡೆದವನ ಕಾಲಿಗೆ ಏನೂ ಸಿಗದಿದ್ದರೂ ದೋಷ ತಪ್ಪುವುದಿಲ್ಲ.

ಇಲ್ಲಿ ತಕ್ಕಡಿಯೇ ಬದಲಾಯಿತು. ಕೊಲ್ಲುವ ಮನಸ್ಸಿತ್ತೇ ಎಂಬುದೊಂದೇ ಪ್ರಶ್ನೆಯಲ್ಲ. ಕೊಲ್ಲದಿರುವ ಕಾಳಜಿ ಇತ್ತೇ ಎಂಬುದೂ ಪ್ರಶ್ನೆ. ಮೊದಲನೆಯದಕ್ಕೆ ‘ಇಲ್ಲ’ ಎನ್ನುವುದು ಎಲ್ಲರಿಗೂ ಸುಲಭ. ಎರಡನೆಯದಕ್ಕೆ ‘ಹೌದು’ ಎನ್ನಬೇಕಾದರೆ ಕೈಯಲ್ಲಿ ಪುರಾವೆ ಬೇಕು. ದಿಗಂಬರ ಮುನಿಗಳ ಪುರಾವೆ ಅವರ ಕೈಯಲ್ಲೇ ಇದೆ: ನವಿಲುಗರಿಯ ಪಿಂಛಿ. ಕೂರುವ ಜಾಗ ಗುಡಿಸಲು ತೆಂಗಿನ ಗರಿಯ ಪೊರಕೆಯೂ ಸಾಕಿತ್ತಲ್ಲ? ಸಾಲದು. ಇರುವೆಯ ಕಾಲು ಮುರಿಯದಷ್ಟು ಮೆದುವಾದದ್ದೇ ಆಗಬೇಕೆಂದು ಆರಿಸಿಕೊಂಡ ಸಾಧನ ಅದು. ಜೈನ ಗೃಹಸ್ಥರು ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸುತ್ತಾರೆ. ಅಷ್ಟಕ್ಕೇ ಬಿಡದೆ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ, ಅದೇ ಕೆರೆಗೆ ಮೆಲ್ಲಗೆ ಮರಳಿ ಬಿಡುವುದೂ ವ್ರತದ ಭಾಗ. ಯಾವ ನೀರಿನಿಂದ ತಂದೆಯೋ ಆ ನೀರಿಗೇ ಬಿಡಬೇಕು. ಧರ್ಮವು ಅಹಿಂಸೆಯನ್ನು ಎದೆಯೊಳಗಿನ ಭಾವಕ್ಕೆ ಬಿಟ್ಟುಕೊಡಲಿಲ್ಲ, ಬಟ್ಟೆಯ ಮಡಿಕೆಗೂ ಗರಿಯ ಮೆದುವಿಗೂ ತಂದು ಕಟ್ಟಿತು. ಬಲೆಯ ಕೆಲಸ ಮಾಡಿದ ನನ್ನಂಥವನಿಗೆ ಈ ಮಾತು ನೇರವಾಗಿ ಅರ್ಥವಾಗುತ್ತದೆ.

ಮನುಸ್ಮೃತಿಯೂ ಬೇಡದ ಸಾವನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ಒಲೆ, ಬೀಸುಕಲ್ಲು, ಪೊರಕೆ, ಒರಳು, ನೀರಿನ ಗಡಿಗೆ, ಈ ಐದೂ ಗೃಹಸ್ಥನ ಮನೆಯ ವಧಾಸ್ಥಾನಗಳು ಎಂದು ಅದು ಎಣಿಸುತ್ತದೆ. ಪರಿಹಾರಕ್ಕೆ ದಿನವೂ ಐದು ಯಜ್ಞ ವಿಧಿಸುತ್ತದೆ. ಅರಿಯದೆ ಕೊಂದದ್ದಕ್ಕೂ ಋಣವುಂಟು ಎನ್ನುವ ಈ ದೃಷ್ಟಿ ದೊಡ್ಡದು. ಆದರೆ ಅದರ ಪರಿಹಾರ ಸಂಜೆಯದು, ಕೊಂದ ಮೇಲಿನದು. ಪಿಂಛಿಯ ಪರಿಹಾರ ಬೆಳಗಿನದು, ಗುಡಿಸುವ ಮೊದಲಿನದು. ಎರಡರಲ್ಲಿ ಇರುವೆ ಯಾವುದನ್ನು ಆರಿಸಿಕೊಂಡೀತು ಎಂದು ಕೇಳಬೇಕಿಲ್ಲ.

ಹಾಗೆಂದು ಸೋಮದೇವ ಬೆಸ್ತನಿಗೆ ಬಾಗಿಲು ಮುಚ್ಚಿಬಿಟ್ಟ ಎನ್ನಲಾಗದು. ಅದೇ ಯಶಸ್ತಿಲಕದಲ್ಲಿ ಮೃಗಸೇನನೆಂಬ ಬೆಸ್ತನ ಕಥೆ ಬರುತ್ತದೆ. ಕಸುಬು ಬಿಡಲಾರೆ ಎಂದ ಅವನಿಗೆ ಮುನಿಯೊಬ್ಬ ಸಣ್ಣ ವ್ರತ ಕೊಡುತ್ತಾನೆ: ಮೊದಲು ಬಲೆಗೆ ಬಿದ್ದ ಮೀನನ್ನು ಬಿಟ್ಟುಬಿಡು. ಮೃಗಸೇನ ಶಿಪ್ರಾ ನದಿಯಲ್ಲಿ ಬಲೆ ಬೀಸುತ್ತಾನೆ, ಬಿದ್ದ ಮೀನಿಗೆ ಗುರುತಿಗೆ ಬಟ್ಟೆಯ ಚೂರು ಕಟ್ಟಿ ಬಿಡುತ್ತಾನೆ. ಮತ್ತೆ ಬೀಸಿದರೆ ಅದೇ ಮೀನು. ಐದು ಸಲವೂ ಅದೇ, ಐದು ಸಲವೂ ಬಿಡುಗಡೆ. ಬರಿಗೈಯಲ್ಲಿ ಮನೆಗೆ ಬಂದವನಿಗೆ ಹೆಂಡತಿ ಬಾಗಿಲು ತೆಗೆಯುವುದಿಲ್ಲ, ಆ ರಾತ್ರಿಯೇ ಹಾವು ಕಚ್ಚಿ ಸಾಯುತ್ತಾನೆ. ಮುಂದಿನ ಜನ್ಮದಲ್ಲಿ ಐದು ಸಲ ಸಾವಿನಿಂದ ಪಾರಾಗುತ್ತಾನೆ. ಕಸುಬನ್ನು ಪೂರ್ತಿ ಬಿಡದವನಿಗೂ ಕಸುಬಿನೊಳಗೇ ಒಂದು ಸಂಯಮ ಸಾಧ್ಯ ಎಂಬುದು ಕಥೆಯ ತಿರುಳು.

ಆದರೆ ಮೃಗಸೇನನ ವ್ರತ ಕೈಬಲೆಗೆ ಸರಿ, ಟ್ರಾಲ್ ಬಲೆಗೆ ನಡೆಯುವುದಿಲ್ಲ. ಗಂಟೆಗಟ್ಟಲೆ ಎಳೆದ ಚೀಲ ಮೇಲೆ ಬರುವ ಹೊತ್ತಿಗೆ ಒಳಗಿನವು ಒಂದರ ಭಾರಕ್ಕೊಂದು ನಲುಗಿರುತ್ತವೆ. ಆಳದಿಂದ ಮೇಲೆ ಬರುವ ಒತ್ತಡದ ವ್ಯತ್ಯಾಸಕ್ಕೆ ಗಾಳಿಚೀಲ ಒಡೆದಿರುತ್ತದೆ. ದೋಣಿಯ ಮೇಲೆ ನಿಂತು ಕನಿಕರ ಬಂದು ಸಲಿಕೆಯಲ್ಲಿ ಎತ್ತಿ ಹಾಕಿದರೆ ಸಮುದ್ರ ಸೇರುವುದು ಹೆಚ್ಚಿನಂಶ ಹೆಣವೇ. ಹೀಗೆ ಜಗತ್ತಿನಾದ್ಯಂತ ಹಿಡಿದು ಎಸೆಯುವ ಮೀನು ವರ್ಷಕ್ಕೆ ಸುಮಾರು 91 ಲಕ್ಷ ಟನ್ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2019ರಲ್ಲಿ ಅಂದಾಜು ಮಾಡಿತು. ಅದರಲ್ಲಿ ಅರ್ಧಕ್ಕೆ ಹತ್ತಿರದಷ್ಟು ತಳದ ಟ್ರಾಲ್ ಬಲೆಗಳದೇ. ಟ್ರಾಲ್ ಬಲೆಯ ಕನಿಕರಕ್ಕೆ ದೋಣಿಯ ಮೇಲೆ ಹೊತ್ತಿಲ್ಲ. ಅದರ ಹೊತ್ತು ದಡದ ಮೇಲೆ, ಬಲೆ ಕತ್ತರಿಸಿ ಹೊಲಿಯುವ ಶೆಡ್ಡಿನಲ್ಲಿ.

ಇಷ್ಟು ಹೇಳಿದರೆ ಮುಗಿಯಿತೆ? ಇಲ್ಲ. ಕರಾವಳಿಯಲ್ಲಿ ವಿಷಯ ಇನ್ನೂ ಒಂದು ಸುತ್ತು ಕಗ್ಗಂಟಾಗಿದೆ. ಮೊದಲು ಟ್ರಾಲ್ ದೋಣಿಗಳು ಸಣ್ಣ ಮೀನನ್ನು ಸಮುದ್ರಕ್ಕೇ ಎಸೆಯುತ್ತಿದ್ದವು, ಮಂಜುಗಡ್ಡೆಗೂ ಜಾಗಕ್ಕೂ ದಂಡವೆಂದು. ಆಮೇಲೆ ಫಿಶ್‌ಮೀಲ್ ಕಾರ್ಖಾನೆಗಳು ಬೆಳೆದವು. ಮರಿಯೋ ಮುದಿಯೋ, ತಿನ್ನುವ ಜಾತಿಯೋ ಅಲ್ಲವೋ, ಅರೆದು ಪುಡಿ ಮಾಡಿ ಎಣ್ಣೆ ತೆಗೆಯುವವರಿಗೆ ಎಲ್ಲವೂ ಆಗುತ್ತದೆ. ಆ ಪುಡಿ ಸಾಕಣೆ ಸಿಗಡಿಯ, ಸಾಕಣೆ ಮೀನಿನ, ಕೋಳಿಯ ಮೇವಿಗೆ ಹೋಗುತ್ತದೆ. ಬೇಡದ್ದಕ್ಕೆ ಬೆಲೆ ಬಂತು. ಕಿಲೋಗೆ ಸಿಗುವುದು ಪುಡಿಗಾಸೇ ಆದರೂ ರಾಶಿಯ ಮೇಲೆ ಡೀಸೆಲ್ಲಿನ ಒಂದು ಪಾಲು ಗಿಟ್ಟುತ್ತದೆ. ಈಗ ಹೇಳಿ, ಆ ಮರಿಮೀನು ‘ಸಂಕಲ್ಪವಿಲ್ಲದೆ’ ಸತ್ತದ್ದೇ? ಮೀನುಗಾರಿಕೆಯ ಪುಸ್ತಕದಲ್ಲಿ ಅದಕ್ಕೆ ಹಳೆಯ ಹೆಸರೇ ಇದೆ, ಮೂಲ ಹಿಡಿತದ ಜೊತೆ ತಾನಾಗಿ ಬಂದದ್ದು ಎಂದು. ಆದರೆ ಮನಸ್ಸಿನ ಲೆಕ್ಕದಲ್ಲಿ ಅದು ಯಾವಾಗಲೋ ಖಾತೆ ಬದಲಾಯಿಸಿದೆ. ಸಂಕಲ್ಪ ಎನ್ನುವುದು ಬಲೆಗಿಂತ ಮೊದಲು ಹುಟ್ಟಿ ಬಲೆಯನ್ನು ನಡೆಸುತ್ತದೆ ಎಂದು ನಾವು ಭಾವಿಸುತ್ತೇವೆ. ಇಲ್ಲಿ ಸಣ್ಣ ಕಣ್ಣಿನ ಬಲೆ ಮೊದಲು ಬಂತು, ಅದು ತಂದ ರಾಶಿಗೆ ಗಿರಾಕಿ ಹುಟ್ಟಿದ, ಗಿರಾಕಿಯ ಹಿಂದೆ ಸಂಕಲ್ಪ ಬಂತು. ಸಾಧನ ಮನಸ್ಸನ್ನು ತಿದ್ದಬಲ್ಲದು, ಕೆಡಿಸಲೂಬಲ್ಲದು.

ಇದು ನಮ್ಮ ಕಾಲದ ಕೇಡು ಮಾತ್ರವಲ್ಲ. 1376ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಒಂದು ಅಹವಾಲು ಹೋಗಿತ್ತು. ಹೊಸದಾಗಿ ಬಂದ ಎಳೆಬಲೆಯ ಕಣ್ಣು ಎಷ್ಟು ಸಣ್ಣದೆಂದರೆ ಯಾವ ಮರಿಯೂ ತಪ್ಪಿಸಿಕೊಳ್ಳದು, ಹಿಡಿದದ್ದನ್ನು ಏನು ಮಾಡಬೇಕೆಂದು ತಿಳಿಯದೆ ಹಂದಿಗೆ ಹಾಕಿ ಕೊಬ್ಬಿಸುತ್ತಿದ್ದಾರೆ ಎಂಬುದು ದೂರು. ಹಂದಿಯ ಜಾಗಕ್ಕೆ ಕೋಳಿ, ಸಿಗಡಿ ಬಂದಿವೆ, ದೂರು ಹಾಗೇ ಇದೆ.

ಮಲ್ಪೆಯಲ್ಲಿ ತಾಂಡೇಲರೊಬ್ಬರ ಜೊತೆ ಇದನ್ನೇ ಮಾತಾಡುತ್ತಿದ್ದಾಗ ಅವರು ಸಿಟ್ಟಾಗಲಿಲ್ಲ, ನಕ್ಕರು. “ಸರ್, ನಾನೊಬ್ಬ ದೊಡ್ಡ ಕಣ್ಣು ಹಾಕಿದ್ರೆ ಎಂತ ಪ್ರಯೋಜನ? ನನ್ನ ಬಲೆಯಿಂದ ಹೋದದ್ದು ಹಿಂದಿನ ಬೋಟಿಗೆ ಸಿಗ್ತದೆ ಮಾರಾಯ್ರೆ. ಪುಣ್ಯ ನನಗೆ, ಮೀನು ಅವನಿಗೆ.” ಇದನ್ನು ಕುಹಕ ಎಂದು ತಳ್ಳಿಹಾಕಲಾರೆ. ಮುನಿಯ ಎಚ್ಚರ ಅವನೊಬ್ಬನದೇ ಆದರೆ ಸಾಕು, ಏಕೆಂದರೆ ಅವನು ನಡೆಯುವ ದಾರಿಯಲ್ಲಿ ಅವನ ಪಾದ ಮಾತ್ರ ಇದೆ. ಸಮುದ್ರ ಹಾಗಲ್ಲ. ಅಲ್ಲಿ ಒಬ್ಬನ ಸಂಯಮ ಇನ್ನೊಬ್ಬನ ಲಾಭ. ಹಾಗಾಗಿ ಬಲೆಯ ಕಣ್ಣಿನ ವಿಷಯದಲ್ಲಿ ಧರ್ಮ ಒಬ್ಬೊಬ್ಬರ ವ್ರತವಾಗಿ ಉಳಿಯಲಾರದು, ಎಲ್ಲರಿಗೂ ಒಂದೇ ಕಟ್ಟಳೆಯಾಗಬೇಕು. ಅಂಥ ಕಟ್ಟಳೆಯೊಂದು ಆಗಲೇ ಇದೆ: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಬಂದರು ಬಿಡುವುದಿಲ್ಲ. ಅದನ್ನು ಯಾರೂ ಪುಣ್ಯವೆಂದು ಮಾಡುವುದಿಲ್ಲ, ಎಲ್ಲರೂ ಮಾಡುತ್ತಾರೆಂದು ಮಾಡುತ್ತಾರೆ. ಮೀನಿಗೆ ಅಷ್ಟೇ ಸಾಕು.

ಪುಣ್ಯದ ಉದ್ದೇಶವೇ ಇಲ್ಲದೆ ಒಳ್ಳೆಯದಾದ ಉದಾಹರಣೆಯೂ ಬಲೆಯ ಚರಿತ್ರೆಯಲ್ಲಿದೆ. ಅಮೆರಿಕದ ಜಾರ್ಜಿಯಾದಲ್ಲಿ ಸಿಂಕಿ ಬೂನ್ ಎಂಬ ಸಿಗಡಿ ಬೆಸ್ತ ತನ್ನ ಬಲೆಯೊಳಗೆ ಓರೆಯಾಗಿ ಕಂಬಿಗಳ ಚೌಕಟ್ಟು ಕೂರಿಸಿ, ಅದರ ಎದುರು ಬಲೆಗೆ ಒಂದು ಬಾಗಿಲು ಇಟ್ಟ. ಅವನಿಗೆ ಕಾಟ ಕೊಡುತ್ತಿದ್ದದ್ದು ಲೋಳೆಮೀನು. ಅದು ಹೊರಗೆ ಹೋದರೆ ಸಾಕಾಗಿತ್ತು. ಅದೇ ಚೌಕಟ್ಟು ಕಡಲಾಮೆಗಳನ್ನು ಹೊರಬಿಡುವ ಸಾಧನದ ಮೂಲವಾಯಿತು. ನಾರ್ವೆಯಲ್ಲಿ 1989ರಲ್ಲಿ ಪಾಲ್ ಬ್ರಾಟೊಯ್ ಎಂಬ ಬೆಸ್ತ ಮಾಡಿದ ಜಾಲರಿಯ ಕಥೆಯೂ ಅದೇ: ಹೊರಹಾಕಬೇಕಾದದ್ದು ಲೋಳೆಮೀನು, ಬದುಕಿದ್ದು ಮರಿಮೀನು. ಆಮೆಗೆ ದಾರಿಯಿಲ್ಲದ ಬಲೆಯ ಸಿಗಡಿ ಬೇಡವೆಂದು ಅಮೆರಿಕ 1989ರಲ್ಲಿ ಕಾನೂನು ಮಾಡಿತು. ಭಾರತವೂ ಸೇರಿ ನಾಲ್ಕು ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ತಕರಾರು ಹೂಡಿದವು. 1998ರಲ್ಲಿ ತೀರ್ಪೂ ಬಂತು. ಇಷ್ಟೆಲ್ಲ ಜಗಳದ ನಡುವೆ ಕಂಬಿಯ ಚೌಕಟ್ಟು ಮಾತ್ರ, ಹಾಕಿದ ಕಡೆಯೆಲ್ಲ, ಯಾರ ಭಾವವನ್ನೂ ವಿಚಾರಿಸದೆ ಆಮೆಯನ್ನು ಹೊರಗೆ ಕಳಿಸುತ್ತಿದೆ.

ಇದಕ್ಕೆ ಎದುರು ತುದಿಯಲ್ಲಿ ಜನ್ನನ ‘ಯಶೋಧರ ಚರಿತೆ’ಯನ್ನು ಇಟ್ಟು ನೋಡಬೇಕು. 1209ರ ಕಾವ್ಯ. ಯಶೋಧರ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿ. ಜೀವ ಹೋಗಲಿಲ್ಲ, ಸಂಕಲ್ಪ ಮಾತ್ರ ಇತ್ತು. ಅಷ್ಟಕ್ಕೇ ಅವನೂ ಅವನ ತಾಯಿಯೂ ಜನ್ಮಜನ್ಮಾಂತರ ತಿರ್ಯಂಚರಾಗಿ, ಎಂದರೆ ಪ್ರಾಣಿಪಕ್ಷಿಗಳಾಗಿ, ಅಲೆದರು. ಆ ಜನ್ಮಗಳಲ್ಲಿ ಒಂದು ಮೀನಿನದು. ಹಿಟ್ಟಿನ ಕೋಳಿಯಲ್ಲಿ ಸಾವಿಲ್ಲದ ಸಂಕಲ್ಪ, ಟ್ರಾಲ್ ಬಲೆಯಲ್ಲಿ ಸಂಕಲ್ಪವಿಲ್ಲದ ಸಾವು. ನಮ್ಮ ಕಾವ್ಯ ಪುರಾಣಗಳು ಮೊದಲನೆಯದರ ಬಗ್ಗೆ ಸಾವಿರ ವರ್ಷ ಯೋಚಿಸಿವೆ. ನಾವು ಬದುಕುತ್ತಿರುವುದು ಎರಡನೆಯದರ ಕಾಲದಲ್ಲಿ. ಈಗ ಜೀವಗಳು ದ್ವೇಷಕ್ಕಿಂತ ಹೆಚ್ಚಾಗಿ ನಿರ್ಲಕ್ಷ್ಯಕ್ಕೆ ಸಾಯುತ್ತವೆ. ನಿರ್ಲಕ್ಷ್ಯಕ್ಕೆ ಯಂತ್ರದ ಬಲ ಸೇರಿದೆ.

ಸಮುದ್ರವಿಲ್ಲದ ಉಮ್ಮತ್ತೂರಿಗೆ ಇದರಿಂದ ಏನು ಎಂದು ಕೇಳುವವರಿದ್ದಾರೆ. ನಮ್ಮ ಗುಡ್ಡದ ಕುರುಚಲಿನಲ್ಲಿ ಕೃಷ್ಣಮೃಗಗಳಿವೆ. ಆಚೆಗೆ ಗುಂಡ್ಲುಪೇಟೆಯ ಕಡೆ ಬಂಡೀಪುರ, ಈಚೆಗೆ ಬಿಳಿಗಿರಿರಂಗನ ಬೆಟ್ಟ. ಹೊಲಕ್ಕೆ ನುಗ್ಗುವ ಕಾಡುಹಂದಿಗೆಂದು ಬೈಕಿನ ಕ್ಲಚ್ ವೈರಿನ ಉರುಳು ಇಡುತ್ತಾರೆ. ಬಿದ್ದು ಒದ್ದಾಡುವುದು ಚಿರತೆ, ಜಿಂಕೆ, ಕೆಲವೊಮ್ಮೆ ಪಕ್ಕದ ಮನೆಯ ನಾಯಿ. ಬೇಲಿ ತಂತಿಗೆ ನೇರ ಲೈನಿನಿಂದ ಕರೆಂಟು ಎಳೆಯುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಆನೆ ಬಿದ್ದಿರುತ್ತದೆ, ಹೊಲಕ್ಕೆ ನೀರು ಕಟ್ಟಲು ಹೋದ ಮನುಷ್ಯನೂ ಬಿದ್ದಿರಬಹುದು. ಆಗ ಕೇಳುವ ಮಾತು ಒಂದೇ: “ಹಂದಿಗೆ ಅಂತ ಬುಟ್ಟ ಕರೆಂಟು ಕಣಪ್ಪ, ಆನ ಬತ್ತದ ಅಂತ ನಾವ್ ಯಾನ ಕಂಡಿದ್ದೊ?” ಸೋಮದೇವನ ತೀರ್ಪನ್ನು ಓದದೆಯೂ ನಮ್ಮವರು ಅದನ್ನೇ ಹೇಳುತ್ತಾರೆ. ಮನಸ್ಸಿನಲ್ಲಿರಲಿಲ್ಲ.

ಅಲ್ಲಿಯೂ ಉತ್ತರ ಸಾಧನದ್ದೇ. ಸೋಲಾರ್ ಬೇಲಿಯ ತಂತಿಯೂ ಅದೇ ತಂತಿ. ಅದರ ಯಂತ್ರ ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಡುತ್ತದೆ. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದಕ್ಕೆ ಹಾರುತ್ತದೆ, ಬದುಕುತ್ತದೆ. ನೇರ ಲೈನಿನ ಕರೆಂಟಿಗೆ ಬಿಡುವಿಲ್ಲ, ಹಿಡಿದದ್ದನ್ನು ಬಿಡಲೊಲ್ಲದು. ಎರಡೂ ಹೊಲಗಳ ಮಾಲೀಕರ ಉದ್ದೇಶ ಬೆಳೆ ಉಳಿಸುವುದೇ, ಇಬ್ಬರ ಮನಸ್ಸೂ ಬೆಳೆಯಲ್ಲೇ ಇದೆ. ಸಂಕಲ್ಪದ ತಕ್ಕಡಿಯಲ್ಲಿ ಇಬ್ಬರೂ ಸಮ. ಪೂಜ್ಯಪಾದರ ತಕ್ಕಡಿಯಲ್ಲಿ ಒಬ್ಬ ಎಚ್ಚರವಿದ್ದವನು, ಇನ್ನೊಬ್ಬ ಎಚ್ಚರ ಬಿಟ್ಟವನು.

ನನ್ನ ವಾದಕ್ಕೂ ಮಿತಿಗಳಿವೆ. ಚೌಕ ಕಣ್ಣು ಎಲ್ಲ ಮೀನಿಗೂ ಒದಗುವುದಿಲ್ಲ. ನಂಗ್ ಥರದ ಚಪ್ಪಟೆ ಮೀನಿಗೆ ವಜ್ರಾಕಾರದ ಕಣ್ಣೇ ಮೇಲು. ನುಸುಳಿ ಹೋದವುಗಳಲ್ಲೂ ಪೊರೆ ಕಿತ್ತು ಸಾಯುವುವು ಇವೆ. ಕಣ್ಣು ಎಷ್ಟು ದೊಡ್ಡದಾದರೂ ಕೆಳಹಗ್ಗದ ಸರಪಳಿ ಸಮುದ್ರದ ತಳವನ್ನು ಕೆರೆಯುವುದು ತಪ್ಪುವುದಿಲ್ಲ. ಜೊತೆಗೆ, ಬೇಕೆಂದು ಹಿಡಿದ ಮೀನಿನ ಲೆಕ್ಕ ಹಾಗೆಯೇ ಉಳಿಯುತ್ತದೆ. ಜೈನ ಪಂಡಿತರು ಯಾರಾದರೂ ‘ಕೊಲ್ಲುವ ಕಸುಬಿನಲ್ಲಿ ಕಣ್ಣು ಅಗಲಿಸಿದರೆ ಅಹಿಂಸೆ ಆಗುತ್ತದೆಯೆ’ ಎಂದು ಕೇಳಿದರೆ, ಆಗುವುದಿಲ್ಲ ಎಂದೇ ನನ್ನ ಉತ್ತರ. ಅಹಿಂಸೆ ಆಗುವುದಿಲ್ಲ, ಹಿಂಸೆ ಕಡಿಮೆಯಾಗುತ್ತದೆ. ಮೃಗಸೇನನಿಗೆ ವ್ರತ ಕೊಟ್ಟ ಮುನಿಗೂ ಅಷ್ಟು ಸಾಕಾಗಿತ್ತು. ಪೂರ್ಣ ನಿರ್ದೋಷ ಯಾವ ಗೃಹಸ್ಥನಿಗೂ ಇಲ್ಲ, ಬಲೆಯವನಿಗೂ ನೇಗಿಲವನಿಗೂ. ಇರುವುದು ಎಚ್ಚರದ ಹೆಚ್ಚು ಕಡಿಮೆ ಮಾತ್ರ. ಆ ಹೆಚ್ಚು ಕಡಿಮೆಯನ್ನು ಮಿಲಿಮೀಟರಿನಲ್ಲಿ ಅಳೆಯಬಹುದು ಎನ್ನುವುದು ನಮ್ಮ ಕಾಲಕ್ಕೆ ಸಿಕ್ಕ ಅನುಕೂಲ.

ಆದ್ದರಿಂದ ಸೋಮದೇವನ ತೀರ್ಪಿಗೆ ನನ್ನದೊಂದು ತಿದ್ದುಪಡಿ. ಬೆಸ್ತನನ್ನೂ ರೈತನನ್ನೂ ಕಸುಬಿನಿಂದ ಅಳೆಯುವುದು ಬೇಡ, ಬರೀ ಮನಸ್ಸಿನಿಂದಲೂ ಬೇಡ. ಅವರ ಕೈಯಲ್ಲಿರುವ ಸಾಧನ ಹೇಗಿದೆ, ಅದನ್ನು ಇನ್ನೂ ಮೆದು ಮಾಡಲು ಬರುತ್ತದೆಂದು ತಿಳಿದ ಮೇಲೆ ಅವರೇನು ಮಾಡಿದರು, ಇಷ್ಟನ್ನು ಕೇಳೋಣ. ಅದೇ ಪ್ರಶ್ನೆಯನ್ನು ಆ ಬಲೆಗೆ ಸಾಲ ಕೊಟ್ಟವರಿಗೆ, ಮರಿಮೀನಿಗೆ ಬೆಲೆ ಕಟ್ಟಿದವರಿಗೆ, ಅದರ ಪುಡಿ ತಿಂದ ಕೋಳಿಯನ್ನು ಕೊಳ್ಳುವ ನಮಗೂ ಕೇಳೋಣ. ಕರಾವಳಿಗೆ ಹೋದಾಗ ಬಂದರಿನಲ್ಲಿ ಬೆರಳುದ್ದದ ಮದಿಮಾಳ್ ರಾಶಿ ಕಂಡರೆ, ಇದು ಯಾವ ಕಣ್ಣಿನ ಬಲೆಯದು ಎಂದು ವಿಚಾರಿಸಿ. ಊರಿನಲ್ಲಿ ಬೇಲಿಗೆ ನೇರ ಕರೆಂಟು ಎಳೆದದ್ದು ಗೊತ್ತಾದರೆ, ಆನೆ ಬೀಳುವವರೆಗೆ ಕಾಯದೆ ಆ ದಿನವೇ ತೆಗೆಸಿ.